ಸೀಟು ಸಿಕ್ಕಿತು, ಹಾಸ್ಟೆಲ್‌ಗೆ ಏನು ಮಾಡಬೇಕು?

ಧಾರವಾಡದಲ್ಲಿ ನಂದೊಂದು ಜೆರಾಕ್ಸ್ ಅಂಗಡಿ. ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಎಂಎ ಓದಿದವನು ನಾನು. ಅಡ್ಮಿಷನ್ ಶುರುವಾದರೆ ಸಾಕು, ಫೈಲು ಹಿಡಿದ ಹುಡುಗ ಹುಡುಗಿಯರು ಬಂದು ಕೇಳುತ್ತಾರೆ: "ಅಣ್ಣಾ, ಸೀಟು ಸಿಕ್ತು. ಹಾಸ್ಟೆಲ್ ಅವರೇ ಕೊಡ್ತಾರಲ್ವಾ?"

ಕೊಡಲ್ಲ. ನೀವೇ ಅರ್ಜಿ ಹಾಕಬೇಕು, ಅದೂ ಎರಡು ಕಡೆ. ಯೂನಿವರ್ಸಿಟಿಯ ಸ್ವಂತ ಹಾಸ್ಟೆಲ್‌ದು ಒಂದು ಅರ್ಜಿ. ಸರ್ಕಾರದ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳದ್ದು ಬೇರೆಯೇ. ಇವನ್ನು ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣದಂಥ ಇಲಾಖೆಗಳು ನಡೆಸುತ್ತವೆ. ಅರ್ಜಿ ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ನಲ್ಲಿ. ಊಟ, ವಸತಿ ಎರಡೂ ಉಚಿತ. ಅದಕ್ಕೇ ನೂಕುನುಗ್ಗಲು ಜಾಸ್ತಿ.

ಪೋರ್ಟಲ್ ತೆರೆಯೋ ಮೊದಲು ಕಾಗದ ನೋಡಿಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರಬೇಕು. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದೆ. ಅರ್ಜಿಯಲ್ಲಿ ಕೇಳುವುದು ಅದನ್ನೇ. ಆದಾಯ ಪತ್ರದ ಅವಧಿ ಮುಗಿದಿದ್ದರೆ ಇವತ್ತೇ ಹೊಸದಕ್ಕೆ ಹಾಕಿ. ಕೊನೇ ವಾರದಲ್ಲಿ ಓಡಾಡಿದರೆ ಕೈಗೆ ಸಿಗಲ್ಲ.

ಆಮೇಲೆ ಹೆಸರು. ನನ್ನನ್ನು ಶಾಲೆಗೆ ಸೇರಿಸುವಾಗ ಅಜ್ಜ ಬಸಪ್ಪ ಅಂತ ಬರೆಸಿದ್ದ. ಆಧಾರ್‌ನಲ್ಲಿ ಬಸವರಾಜ. ತಿದ್ದಿಸಿಕೊಂಡು ಬರುವಷ್ಟರಲ್ಲಿ ಹಾಸ್ಟೆಲ್ ಅರ್ಜಿಯ ದಿನವೇ ಮುಗಿದಿತ್ತು. ಆ ವರ್ಷ ಸಪ್ತಾಪುರದ ಒಂದೇ ರೂಮಿನಲ್ಲಿ ನಾಲ್ಕು ಜನ ಮಲಗಿದೆವು. ಒಬ್ಬ ಎದ್ದು ಹೊರಗೆ ಹೋಗಬೇಕಾದರೆ ಉಳಿದ ಮೂವರನ್ನೂ ದಾಟಬೇಕು. ಹಾಗಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ.

ಹಾಸ್ಟೆಲ್ ಸಿಗಲಿಲ್ಲವಾ? ಸುಮ್ನೆ ಕೂರಬೇಡಿ. ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ. ಹಾಸ್ಟೆಲ್ ಸಿಗದವರ ಊಟ, ವಸತಿಗೆ ಅಂತಲೇ ಇರುವ ದುಡ್ಡು ಅದು. 2013ರ ಹೊತ್ತಿಗೆ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದರು. ಅಷ್ಟು ದುಡ್ಡಿನಲ್ಲಿ ಪೇಟೆಯಲ್ಲಿ ರೂಮು ಬಾಡಿಗೆ, ಖಾನಾವಳಿ ಎರಡೂ ಸರಿತೂಗಿಸೋದು ಕಷ್ಟ. ಬಿಡೋದು ಮಾತ್ರ ದಡ್ಡತನ. ಇದರ ಅರ್ಜಿ ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ.

ಇಲ್ಲೂ ಒಂದು ಮಾತು. ದುಡ್ಡು ಬರುವುದು ಆಧಾರ್‌ಗೆ ಜೋಡಿಸಿದ ಖಾತೆಗೆ. ಒಬ್ಬ ಹುಡುಗ ತಿಂಗಳುಗಟ್ಟಲೆ "ಬಂದಿಲ್ಲ ಅಣ್ಣಾ" ಅಂತಿದ್ದ. ನೋಡಿದರೆ ಎಂಟನೇ ಕ್ಲಾಸಿನಲ್ಲಿ ಊರಲ್ಲಿ ತೆಗೆಸಿದ್ದ ಖಾತೆಗೆ ಜಮಾ ಆಗಿ ಕೂತಿದೆ! ಪಾಸ್‌ಬುಕ್ ಅವರಮ್ಮನ ಟ್ರಂಕಿನಲ್ಲಿತ್ತು. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಆಧಾರ್ ವೆಬ್‌ಸೈಟಿನಲ್ಲೇ ತೋರಿಸುತ್ತದೆ. ಅರ್ಜಿ ಹಾಕುವ ದಿನವೇ ನೋಡಿಬಿಡಿ.

ಅರ್ಜಿಯ ಪ್ರಿಂಟ್ ಎರಡು ತೆಗೆಸಿ. ಒಂದು ವಾರ್ಡನ್‌ಗೆ, ಒಂದು ನಿಮಗೆ. ಇದನ್ನು ಜೆರಾಕ್ಸ್ ಅಂಗಡಿಯವನು ಹೇಳ್ತಿದಾನೆ ಅಂತ ನಗಬೇಡಿ.