ಕಿವಿಯಲ್ಲೇ ಕಪ್ಪೆ ಎಣಿಸಿದೆ: ನನ್ನ ಅನುಭವ

"ಕೂಗು ಕೇಳಿ ಯಾವ ಕಪ್ಪೆ ಅಂತ ಹೇಳಬಹುದು, ಎಷ್ಟಿವೆ ಅಂತ ಹೇಳೋಕಾಗಲ್ಲ." ಮಲೆನಾಡಿನ ಮಳೆಕಾಡಲ್ಲಿ ಈ ಕೆಲಸಕ್ಕೆ ಕೈ ಹಾಕಿದಾಗ ಜೊತೆಯವರೆಲ್ಲ ಹೇಳಿದ್ದು ಇದನ್ನೇ. ಈಗ ಅವರಲ್ಲೇ ಕೆಲವರು ನಾನು ಎಣಿಕೆ ಬರೆಯುವ ಫಾರ್ಮ್ ಕೇಳಿ ಇಸ್ಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಹಾಗೆ ನಾನೂ ಟ್ರಾನ್ಸೆಕ್ಟ್, ಅಂದರೆ ನಡೆದು ಎಣಿಸೋಕೆ ನೇರ ಗೆರೆ ಹಾಕಿ, ಟಾರ್ಚ್ ಹಿಡಿದು ರಾತ್ರಿ ನಡೆಯುತ್ತಿದ್ದೆ. ದೊಡ್ಡ ಕಪ್ಪೆಗಳಿಗೆ ಅದು ಸಾಕು. ರಾವೋರ್ಕೆಸ್ಟಿಸ್ ಗುಂಪಿನ ಪೊದೆಗಪ್ಪೆಗಳ ವಿಷಯ ಬೇರೆ. ಎರಡು, ಎರಡೂವರೆ ಸೆಂಟಿಮೀಟರ್ ಪ್ರಾಣಿ. ಎಲೆ ಮರೆಯಲ್ಲಿ ಕೂತು ಕೂಗುತ್ತದೆ, ಹತ್ತಿರ ಹೋದರೆ ಗಪ್‌ಚುಪ್. ಕಿವಿಗೆ ಇಪ್ಪತ್ತು ಕೇಳಿದರೂ ಫಾರ್ಮ್‌ನಲ್ಲಿ ಮೂರು. ತರಗೆಲೆ ಕ್ವಾಡ್ರಾಟ್, ಅಂದರೆ ನೆಲದಲ್ಲಿ ಚೌಕ ಗುರುತು ಮಾಡಿ ಎಲೆ ಕೆದಕಿ ಹುಡುಕೋದು, ಇನ್ನೂ ದುಬಾರಿ. ಐದು ಮೀಟರ್ ಚೌಕ ಕೆದಕೋಕೆ ಮೂರು ಜನ, ಮುಕ್ಕಾಲು ಗಂಟೆ. ಸಿಕ್ಕಿದ್ದು ಒಂದೋ ಎರಡೋ ಕಪ್ಪೆ, ಕಾಲಿಗೆ ಹತ್ತಿದ ಉಂಬಳವೇ ಜಾಸ್ತಿ. ಕೂಲಿ, ಜೀಪ್ ಬಾಡಿಗೆ ಸೇರಿ ರಾತ್ರಿಗೆ ಐದು ಸಾವಿರದ ಹತ್ತಿರ ಹೋಗುತ್ತಿತ್ತು.

ಆಮೇಲೆ ಆಡಿಯೋಮಾತ್ ಅನ್ನೋ ಪುಟ್ಟ ಸದ್ದಿನ ರೆಕಾರ್ಡರ್‌ಗಳನ್ನು ತರಿಸಿದೆ. ಸುಂಕ, ಕಾರ್ಡು, ಬ್ಯಾಟರಿ ಎಲ್ಲ ಸೇರಿ ಒಂದಕ್ಕೆ ಹನ್ನೆರಡು ಸಾವಿರ ಬಿದ್ದಿರಬೇಕು. ಜಿಪ್ ಕವರ್‌ನಲ್ಲಿ ನೇತುಹಾಕಿದವುಗಳಲ್ಲಿ ಎರಡು ಜೂನ್‌ನಲ್ಲೇ ನೀರು ಕುಡಿದು ಸತ್ತವು. ಉಳಿದವುಗಳಲ್ಲಿ ಬರೀ ಪಟಪಟ ಸದ್ದು, ಪ್ಲಾಸ್ಟಿಕ್ ಮೇಲೆ ಬಿದ್ದ ಹನಿಯದು. ಕೊನೆಗೆ ಅಡಿಕೆ ಹಾಳೆಯದೇ ಒಂದು ಸೂರು ಮಾಡಿ, ಅದರ ಮೇಲೆ ಹಸಿ ಪಾಚಿ ಹೊದಿಸಿದೆ. ಹನಿ ಸದ್ದು ಅಡಗಿತು. ಹಾಳೆ ಗಾಳಿಗೆ ಅಲ್ಲಾಡದ ಹಾಗೆ ಕಟ್ಟೋಕೆ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆದರೆ ರೆಕಾರ್ಡರ್ ತಲೆ ಎಣಿಸುವುದಿಲ್ಲ. ಎಣಿಕೆ ದಕ್ಕಿದ್ದು ಹೊತ್ತಿನಿಂದ. ಎಲ್ಲರೂ ಎಂಟು ಗಂಟೆ ಮೇಲೆ, ಮೇಳ ಜೋರಾದಾಗ ಹೋಗುತ್ತಾರೆ. ಆಗ ಹತ್ತು ಕಪ್ಪೆಗೂ ನಲವತ್ತಕ್ಕೂ ವ್ಯತ್ಯಾಸ ತಿಳಿಯಲ್ಲ. ನಾವು ಬೆಳಕಿರುವಾಗಲೇ ಹೋಗಿ ಕೂರುತ್ತೇವೆ. ಜೀರುಂಡೆ ಗದ್ದಲ ಇಳಿಯುತ್ತಿದ್ದ ಹಾಗೆ ಮೊದಲ ಗಂಡು ಕೂಗುತ್ತದೆ. ಸ್ವಲ್ಪ ಬಿಟ್ಟು ಇನ್ನೊಂದು. ಹೀಗೆ ಒಂದೊಂದೇ ಸೇರಿಕೊಳ್ಳುವ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲೇ ಕೆಲಸ ಮುಗಿಯಬೇಕು. ಇಬ್ಬರು ಹತ್ತು ಮೀಟರ್ ದೂರದಲ್ಲಿ ಕೂತು, ಹೊಸ ಕೂಗು ಬಂದ ಕೂಡಲೇ ದಿಕ್ಸೂಚಿ ನೋಡಿ ಕೋನ ಮತ್ತು ಸಮಯ ಬರೆದುಕೊಳ್ಳುತ್ತೇವೆ. ಮಾತಾಡುವಂತಿಲ್ಲ. ಎರಡು ಗೆರೆ ಸೇರುವ ಕಡೆ ಕಪ್ಪೆ ಇರಬೇಕು, ಅಷ್ಟೇ ಲೆಕ್ಕ. ಟಾರ್ಚ್ ಹಿಡಿದು ಹುಡುಕಿದಾಗ ಹತ್ತು ಗುರುತಲ್ಲಿ ಏಳೆಂಟು ಕಡೆ ಕಪ್ಪೆ ಅಲ್ಲೇ ಕೂತಿತ್ತು! ಅನುಮಾನ ಪಟ್ಟವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಆಮೇಲೆ ಯಾರೂ ತಕರಾರು ತೆಗೆಯಲಿಲ್ಲ.

ಹಾಗಾದರೆ ಅಷ್ಟು ದುಡ್ಡು ಸುರಿದ ರೆಕಾರ್ಡರ್ ಯಾಕೆ? ನಾವು ಹೋದ ಸಂಜೆ ಕಾಡು ಸುಮ್ಮನಿದ್ದರೆ ಅಲ್ಲಿ ಕಪ್ಪೆಯೇ ಇಲ್ಲವೋ, ಅವತ್ತಿನ ಒಣಹವೆಗೆ ಕೂಗಲಿಲ್ಲವೋ ಅಂತ ಹೇಳೋದು ಅದೇ. ನಡುರಾತ್ರಿ ಮಾತ್ರ ಕೂಗುವವೂ ಅದರಲ್ಲೇ ಸಿಗುತ್ತವೆ. ಒಂದೇ ಜಾಗಕ್ಕೆ ಆ ಮಳೆಗಾಲದಲ್ಲೇ ಮೂರ್ನಾಲ್ಕು ಸಲ ಹೋಗದಿದ್ದರೆ ಈ ವಿಧಾನಕ್ಕೆ ಅರ್ಥವಿಲ್ಲ. ಮತ್ತೆ, ಇದು ಕೂಗುವ ಗಂಡುಗಳ ಲೆಕ್ಕ ಮಾತ್ರ. ಹೆಣ್ಣು, ಮರಿ ಇದರಲ್ಲಿ ಬರಲ್ಲ. ವರದಿಯಲ್ಲಿ ಹಾಗೇ ಬರೆಯಿರಿ. ಇಷ್ಟಾದರೂ ಸಂಜೆಯ ಖರ್ಚು ಎರಡು ಸಾವಿರ ದಾಟುವುದಿಲ್ಲ.

ಹಳ್ಳದ ಅಂಚಲ್ಲಿ ಕಿವಿ ಕೆಲಸಕ್ಕೆ ಬರಲ್ಲ, ನೀರಿನ ಸದ್ದೇ ಎಲ್ಲವನ್ನೂ ನುಂಗುತ್ತದೆ. ಅಲ್ಲಿನ ಮೈಕ್ರಿಕ್ಸಾಲಸ್, ಅಂದರೆ ಕುಣಿಯುವ ಕಪ್ಪೆ, ಕೂಗಿದ್ದು ಸಾಲದು ಅಂತ ಹಿಂಗಾಲು ಚಾಚಿ, ಬೆರಳ ನಡುವಿನ ಬಿಳಿ ಪೊರೆ ಬಿಡಿಸಿ ತೋರಿಸುತ್ತದೆ. ಅದೂ ಹಗಲಲ್ಲೇ. ಹಾಗಾಗಿ ಬೆಳಗ್ಗೆ ಬೈನಾಕ್ಯುಲರ್ ಹಿಡಿದು ಬಂಡೆ ಮೇಲೆ ಕೂತು ಎಣಿಸುತ್ತೇನೆ. 2014ರಲ್ಲಿ ಪಶ್ಚಿಮ ಘಟ್ಟದ ಈ ಗುಂಪಿನಲ್ಲೇ 14 ಹೊಸ ಪ್ರಭೇದಗಳನ್ನು ಒಟ್ಟಿಗೆ ವಿವರಿಸಿದರಲ್ಲ, ಅದನ್ನು ಓದಿದ ಮೇಲೆ ಕಣ್ಣಂದಾಜಿನಲ್ಲಿ ಪ್ರಭೇದದ ಹೆಸರು ಬರೆಯೋದು ಬಿಟ್ಟಿದ್ದೇನೆ. ಗುಂಪಿನ ಹೆಸರು, ಫೋಟೋ ನಂಬರು, ಸಾಕು.

ಮಧ್ಯೆ ಪಿವಿಸಿ ಪೈಪಿನ ಹುಚ್ಚೂ ಹಿಡಿದಿತ್ತು. ಬೇರೆ ದೇಶಗಳಲ್ಲಿ ಮರಕ್ಕೆ ಪೈಪು ಕಟ್ಟಿ, ಒಳಗೆ ಅಡಗೋಕೆ ಬರುವ ಮರಗಪ್ಪೆ ಹಿಡಿಯುತ್ತಾರೆ ಅಂತ ಓದಿ ನಾನೂ ಕಟ್ಟಿದೆ. ಇಡೀ ಮಳೆಗಾಲ ಬಂದಿದ್ದು ಜೇಡ, ಇರುವೆ, ಒಂದಷ್ಟು ಜಿರಲೆ. ಎರಡು ಸಾವಿರ ರೂಪಾಯಿಯ ಪೈಪು ಈಗ ಕೊಟ್ಟಿಗೆಯಲ್ಲಿ ಬಿದ್ದಿದೆ, ಬೇಕಾದವರು ತಗೊಂಡು ಹೋಗಬಹುದು.