ಏಳು ಸಿಲಿಂಡರಿನ ಬೈಕು, ಒಂದು ಎಣ್ಣೆ ನಲ್ಲಿ

ತುಮಕೂರಿನಿಂದ ಅಪ್ಪ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಏಳು ಸಿಲಿಂಡರ್ ಯಾಕಪ್ಪಾ? ನನ್ ಬುಲೆಟ್ಟು ಒಂದರಲ್ಲೇ ಮೂವತ್ತು ವರ್ಷ ಓಡ್ಲಿಲ್ವಾ?"

ಮೆಲ್ಬರ್ನಿನ ನಮ್ಮ ಗ್ಯಾರೇಜಿನಲ್ಲಿ ಬಿದ್ದಿದ್ದದ್ದು ಸೆಕೆಂಡ್ ಹ್ಯಾಂಡ್ ರೋಟೆಕ್ ಆರ್2800. ಸಣ್ಣ ವಿಮಾನಗಳಿಗೆಂದು ಆಸ್ಟ್ರೇಲಿಯಾದಲ್ಲೇ ತಯಾರಾದ ರೇಡಿಯಲ್ ಎಂಜಿನ್, ಅಂದರೆ ಸಿಲಿಂಡರುಗಳು ಶಾಫ್ಟಿನ ಸುತ್ತ ದುಂಡಗೆ ಕೂತದ್ದು. ಅದನ್ನೇ ಬೈಕಿಗೆ ಕೂರಿಸಲು ಹೊರಟಿದ್ದೆ. 2,800 ಸಿಸಿ, 110 ಎಚ್‌ಪಿ, ಅಡ್ಡಗಲ ಸುಮಾರು 80 ಸೆಂ.ಮೀ. ಬೆಸಸಂಖ್ಯೆಯ ಗುಟ್ಟನ್ನು ಅಪ್ಪನಿಗೆ ಊಟದ ಲೆಕ್ಕದಲ್ಲಿ ಬಿಡಿಸಿದೆ. ದುಂಡಗೆ ಕೂತ ಏಳು ಜನಕ್ಕೆ ಒಬ್ಬರನ್ನು ಬಿಟ್ಟು ಒಬ್ಬರಿಗೆ ಬಡಿಸುತ್ತಾ ಹೋಗು: 1, 3, 5, 7, ಆಮೇಲೆ 2, 4, 6. ಎರಡು ಸುತ್ತಿಗೆ ಎಲ್ಲರಿಗೂ ಆಯ್ತು. ಆರೇ ಜನ ಇದ್ದರೆ ಮೂವರು ಉಪವಾಸ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕಿಡಿ ಹೊತ್ತುವುದೂ ಹೀಗೇ, ಪ್ರತಿ ಸಿಲಿಂಡರಿಗೂ ಎರಡು ಸುತ್ತಿಗೊಮ್ಮೆ.

ಫ್ರೇಮ್ ಬೆಸುಗೆ ಕಷ್ಟವಾಗಲಿಲ್ಲ. ಕಾಡಿದ್ದು ಶಾಫ್ಟು. ವಿಮಾನದ ಫ್ಯಾನು (ಪ್ರೊಪೆಲರ್) ಮುಂದಕ್ಕೆ ಎಳೆಯುವ ಬಲ ತಡೆಯಲು ಮಾಡಿದ ಶಾಫ್ಟಿಗೆ ನಾನು ಪುಲ್ಲಿ ಹಾಕಿ, ಬೆಲ್ಟಿನಿಂದ ಪಕ್ಕಕ್ಕೆ ಜಗ್ಗಿಸಿದೆ. ಹತ್ತೇ ನಿಮಿಷ, ಬೆಲ್ಟು ಅಂಚಿಗೆ ಸರಿದು ನೂಲು ನೂಲಾಯಿತು. ಶಾಫ್ಟಿನ ಹೊರತುದಿಗೆ ಇನ್ನೊಂದು ಬೇರಿಂಗ್ ಕೊಟ್ಟ ಮೇಲೆ ಸರಿಹೋಯಿತು. ಫ್ಯಾನ್ ತೆಗೆದರೆ ಫ್ಲೈವೀಲೂ (ತಿರುಗಾಟವನ್ನು ಒಂದೇ ಸಮ ಇಡುವ ಭಾರದ ಚಕ್ರ) ಹೋದಂತೆ, ಐಡ್ಲಿಂಗ್‌ನಲ್ಲಿ ಎಂಜಿನ್ ಒದ್ದಾಡುತ್ತದೆ. ಅದಕ್ಕೆ ಉಕ್ಕಿನ ದಪ್ಪ ಬಿಲ್ಲೆಯೊಂದನ್ನು ಲೇತಿನಲ್ಲಿ ಕಡೆಸಿದೆ. ಇನ್ನೊಂದು ತಮಾಷೆ: ಫ್ಯಾನಿಗಾಗಿ ಒಳಗಿನ ಗಿಯರು ವೇಗವನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸುತ್ತದೆ, ನಾನು ಪುಲ್ಲಿಯಲ್ಲಿ ಅದನ್ನೇ ಮತ್ತೆ ಏರಿಸಿದ್ದೇನೆ!

1921ರಿಂದ 25ರವರೆಗೆ ಮ್ಯೂನಿಕ್‌ನಲ್ಲಿ ಮೆಗೋಲಾ ಎಂಬ ಬೈಕು ಕಟ್ಟಿದವರಿಗೆ ಈ ರಗಳೆಯೇ ಇರಲಿಲ್ಲ. ಐದು ಸಿಲಿಂಡರು, 640 ಸಿಸಿ, ಎಲ್ಲ ಮುಂದಿನ ಚಕ್ರದೊಳಗೇ. ಕ್ಲಚ್ಚಿಲ್ಲ, ಗಿಯರ್ ಬಾಕ್ಸಿಲ್ಲ. ಚಕ್ರದ ಜೊತೆ ಸಿಲಿಂಡರುಗಳೂ ಸುತ್ತುವುದರಿಂದ ಗಾಳಿಗೂ ಬರವಿಲ್ಲ. ಆದರೆ ಬೈಕು ನಿಂತರೆ ಎಂಜಿನ್ನೂ ನಿಂತಂತೆ. ಸಿಗ್ನಲ್ಲಿನಲ್ಲಿ ಅದರ ಪಾಡು ನೆನೆದರೆ ನಗು ಬರುತ್ತದೆ.

ನನ್ನ ದೊಡ್ಡ ತಪ್ಪು ಎಣ್ಣೆಯದು. ಎರಡು ವಾರ ಸುಮ್ಮನೆ ನಿಂತಿದ್ದ ಎಂಜಿನ್‌ಗೆ ಸ್ಟಾರ್ಟರ್ ಒತ್ತಿದೆ. ಟಕ್ ಎಂದು ನಿಂತಿತು. ಟ್ಯಾಂಕಿನಿಂದ ಜಿನುಗಿದ ಎಣ್ಣೆ ಕೆಳಗಿನ 4 ಮತ್ತು 5ನೇ ಸಿಲಿಂಡರಿನಲ್ಲಿ ತುಂಬಿತ್ತು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ಎಣ್ಣೆಯನ್ನು ಕುಗ್ಗಿಸಲಾಗದು. ಮತ್ತೊಮ್ಮೆ ಸ್ಟಾರ್ಟರ್ ಒತ್ತದಿದ್ದದ್ದು ಜಾಣತನವಲ್ಲ, ಬ್ಯಾಟರಿ ಸತ್ತಿತ್ತು. ಇಲ್ಲದಿದ್ದರೆ ಪಿಸ್ಟನ್ನನ್ನು ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತಿತ್ತು. ಕೆಳಗಿನ ಪ್ಲಗ್ಗು ಬಿಚ್ಚಿದಾಗ ನೆಲದ ಮೇಲೆ ಹರಿದದ್ದನ್ನು ನೋಡಿ ಹೆಂಡತಿ ಹಳೇ ಬೆಡ್‌ಶೀಟ್ ತಂದುಕೊಟ್ಟಳು, ಮಾತಾಡಲಿಲ್ಲ.

ಈಗ ಟ್ಯಾಂಕಿನ ಕೆಳಗೆ ನಲ್ಲಿಯಿದೆ. ತೆರೆಯಲು ಮರೆತರೆ ಎಣ್ಣೆಯಿಲ್ಲದೆ ಎಂಜಿನ್ ಸುಟ್ಟೇಹೋಗುತ್ತದೆ, ಹಾಗಾಗಿ ನಲ್ಲಿಯ ಹಿಡಿಗೆ ಮೈಕ್ರೋಸ್ವಿಚ್ ಕಟ್ಟಿ ಸ್ಟಾರ್ಟರಿಗೆ ಜೋಡಿಸಿದೆ: ಅದು ಪೂರಾ ತೆರೆಯುವ ತನಕ ಸ್ಟಾರ್ಟರಿಗೆ ಕರೆಂಟಿಲ್ಲ. ಆದರೂ ಹೊರಡುವ ಮುಂಚೆ ಆ ಎರಡು ಪ್ಲಗ್ಗು ತೆಗೆದು, ರಾಗಿಕಲ್ಲು ಬೀಸಿದಂತೆ ಕೈಯಲ್ಲೇ ನಾಲ್ಕಾರು ಸುತ್ತು ತಿರುಗಿಸುತ್ತೇನೆ.

ರಸ್ತೆಗಿಳಿಸುವ ಪರವಾನಗಿ ಇನ್ನೂ ಸಿಕ್ಕಿಲ್ಲ. ಭಾನುವಾರ ಗೆಳೆಯನ ಹೊಲದ ದಾರಿಯಲ್ಲಿ ಓಡಿಸಿದೆ. ಮುಂದಿನ ಸಿಲಿಂಡರುಗಳ ಮರೆಯಲ್ಲಿರುವ ಹಿಂದಿನವು ವಿಪರೀತ ಕಾಯುತ್ತಿವೆ. ಗಾಳಿಯನ್ನು ಅತ್ತ ತಿರುಗಿಸಲು ತಗಡು ಕತ್ತರಿಸುತ್ತಿದ್ದೇನೆ.