ಮಳೆಗಾಲದಲ್ಲೂ ಫ್ರೆಂಚ್ ಪಾಲಿಶ್ ಕೂರುತ್ತದೆ: ನನ್ನ ಅನುಭವ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ ಕಡೆ ಫ್ರೆಂಚ್ ಪಾಲಿಶ್, ಅಂದರೆ ಸ್ಪಿರಿಟ್‌ನಲ್ಲಿ ಅರಗು ಕರಗಿಸಿ ಬಟ್ಟೆಯಲ್ಲಿ ಮರಕ್ಕೆ ಉಜ್ಜುವ ಪಾಲಿಶ್, ಮುಟ್ಟಲೇಬಾರದು ಅಂತ ನಮ್ಮ ಕಸುಬಿನವರೆಲ್ಲ ಹೇಳುತ್ತಾರೆ. ನಾನೂ ಹತ್ತು ಹನ್ನೊಂದು ವರ್ಷ ಹಾಗೇ ನಂಬಿದ್ದೆ. ಹೋದ ಜುಲೈನಲ್ಲಿ ಒಂದು ಸಾಗುವಾನಿ ತೂಗುಮಂಚ ಮುಗಿಸಿಕೊಟ್ಟೆ. ಹೊರಗೆ ಧೋ ಅಂತ ಮಳೆ, ಒಳಗೆ ಹಲಗೆಯಲ್ಲಿ ಮೇಲಿನ ಜಂತಿ ಎಣಿಸುವಷ್ಟು ಹೊಳಪು.

ಆದರೆ ಅದಕ್ಕೂ ಮೊದಲು ಚೆನ್ನಾಗಿ ಸೋತಿದ್ದೆ. ಐದಾರು ಕೈ (ಪದರ) ಪಾಲಿಶ್ ಹಾಕಿ ಬಿಟ್ಟು, ಸಂಜೆ ಬಂದು ನೋಡಿದರೆ ಹಾಲು ಚೆಲ್ಲಿ ಒರೆಸಿದ ಹಾಗೆ ಬಿಳಿ ಮಬ್ಬು. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಬಂದು ಅಲ್ಲೇ ಕೂರುತ್ತದೆ. ನಿಮಗೂ ಗೊತ್ತಿರುವ ಕಾಟವೇ ಅಲ್ವಾ. ಬರೀ ಸ್ಪಿರಿಟ್ ಕೈ ಆಡಿಸಿ ತೆಗೆದೆ, ಮರುದಿನ ಮತ್ತೆ ಬಂತು. ನೋಡಿದರೆ ಕ್ಯಾನಿನ ಮುಚ್ಚಳ ಸಡಿಲ, ಸ್ಪಿರಿಟ್ಟೇ ನೀರು ಕುಡಿದಿತ್ತು. ಅರಗು ಕರಗಿಸಿಟ್ಟ ಬಾಟಲಿಗೂ ಎಂಟು ತಿಂಗಳಾಗಿತ್ತು. ಹಳೇ ಅರಗು ಎಷ್ಟು ದಿನ ಕಾದರೂ ಅಂಟಂಟು, ಉಗುರು ಒತ್ತಿದರೆ ಗುರುತು ಬೀಳುತ್ತದೆ. ಎಲ್ಲಾ ಕೆರೆದು ಎಸೆದೆ. ಕೂಲಿ ಬಿಟ್ಟು ಸುಮಾರು 2,800 ರೂಪಾಯಿ ನೀರುಪಾಲು.

ಮಂಚದ ಯಜಮಾನರು ‘ಸುಮ್ನೆ ಮೆಲಮೈನ್ ಹೊಡೆದು ಕೊಡು ಮಾರಾಯ, ಶ್ರಾವಣದಲ್ಲಿ ಗೃಹಪ್ರವೇಶ’ ಅಂದರು. ಮೆಲಮೈನ್ ಅಂದರೆ ಸ್ಪ್ರೇ ಹೊಡೆಯುವ ರಾಸಾಯನಿಕ ಪಾಲಿಶ್. ಸ್ಪ್ರೇ ಕೆಲಸ ಮಾಡುವ ನಮ್ಮ ಭಾವ ನಕ್ಕರು, ‘ನಿನ್ನ ಉಜ್ಜಾಟಕ್ಕೆ ಕೂಲಿ ಗಿಟ್ಟುತ್ತಾ?’

ಆಗ ಹೊಳೆದದ್ದು ಪಕ್ಕದ ಮನೆಯ ಅಡಿಕೆ ಡ್ರೈಯರ್. ಕೊಯ್ಲು ಇಲ್ಲದ ಕಾಲ, ಖಾಲಿ ಬಿದ್ದಿತ್ತು. ಗಾಳಿ ಒಣಗಿಸುವ ಬದಲು ಮರವನ್ನೇ ಬೆಚ್ಚಗೆ ಮಾಡಿದರೆ ತೇವ ಕೂರುವುದೆಲ್ಲಿ? ಉತ್ಸಾಹ ಜಾಸ್ತಿಯಾಗಿ ಮೊದಲ ರಾತ್ರಿ ಬೆಳಗಿನವರೆಗೂ ಬೆಂಕಿ ಹಾಕಿದೆ. ತಲೆ ಕಡೆಯ ಹಲಗೆ ಬೆಂಕಿಕಡ್ಡಿ ತೂರುವಷ್ಟು ಸೀಳಿತು. ಹೊಸ ಹಲಗೆ, ಜೋಡಣೆ ಸೇರಿ ಇನ್ನೊಂದು ನಾಲ್ಕು ಸಾವಿರ. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಆಮೇಲೆ ಪೂರ್ತಿ ಜೋರು ಬಿಟ್ಟು ರಾತ್ರಿ ಎರಡು ಮೂರು ಗಂಟೆ ಸಣ್ಣ ಬೆಂಕಿ ಅಷ್ಟೇ. ಬೆಳಗ್ಗೆ ಹಲಗೆಗಳನ್ನು ಕಂಬಳಿ ಸುತ್ತಿ ನನ್ನ ಕೋಣೆಗೆ ತರುತ್ತಿದ್ದೆ. ಸ್ಪಿರಿಟ್ ಇರುವ ಕಡೆ ಕೆಂಡ ಇರಕೂಡದು, ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಎಷ್ಟು ಬೆಚ್ಚಗಿರಬೇಕು ಅಂದರೆ, ಈಗಷ್ಟೇ ಯಾರೋ ಎದ್ದು ಹೋದ ಹಾಸಿಗೆ ಇರುತ್ತಲ್ಲ, ಅಷ್ಟು. ಅದಕ್ಕಿಂತ ಬಿಸಿಯಾದರೆ ಪಾಲಿಶ್ ಉಜ್ಜುವ ಬಟ್ಟೆಯ ಉಂಡೆ ಜಾರದೆ ಅಂಟಿ ಎಳೆಯುತ್ತದೆ.

ಲೀಟರ್ ಸ್ಪಿರಿಟ್‌ಗೆ ನೂರು, ನೂರಿಪ್ಪತ್ತು ಗ್ರಾಂ ಅರಗಿನ ಚಕ್ಕೆ, ಕೊನೆಯ ಕೈಗಳಿಗೆ ಅದರ ಅರ್ಧ. ಹದಿನೈದು ದಿನಕ್ಕೆ ಆಗುವಷ್ಟೇ ಕರಗಿಸುತ್ತೇನೆ. ಉಂಡೆಗೆ ಹತ್ತಿಯ ಮೇಲೆ ಹಳೇ ಪಂಚೆ, ಐವತ್ತು ಸಲ ಒಗೆದದ್ದಾದರೆ ಇನ್ನೂ ಒಳ್ಳೆಯದು, ಹೊಸ ಬಟ್ಟೆ ನಾರು ಬಿಡುತ್ತದೆ. ಉಂಡೆ ಹೋದ ದಾರಿಯಲ್ಲಿ ಕನ್ನಡಿಗೆ ಉಸಿರು ಊದಿದ ಹಾಗೆ ತೆಳ್ಳಗೆ ಮಬ್ಬು ಏಳುತ್ತದೆ. ಒಂದು, ಎರಡು ಅನ್ನುವಷ್ಟರಲ್ಲಿ ಅದು ಮಾಯವಾಗಬೇಕು. ನಿಂತರೆ ಮರ ತಣ್ಣಗಾಗಿದೆ ಅಂತ ಅರ್ಥ, ಆವತ್ತಿನ ಕೆಲಸ ಅಲ್ಲಿಗೆ ಮುಗಿಯಿತು. ನನಗೆ ದಿನಕ್ಕೆ ನಲವತ್ತು ನಿಮಿಷ ಸಿಗುತ್ತಿತ್ತು, ಹೆಚ್ಚೆಂದರೆ ಐವತ್ತು. ಉಂಡೆ ಜಾರಲು ಎಣ್ಣೆ ಬೆರಳ ತುದಿಯಷ್ಟೇ, ಜಾಸ್ತಿಯಾದರೆ ಹದಿನೈದು ದಿನ ಬಿಟ್ಟು ಹಲಗೆ ಎಣ್ಣೆ ಬೆವರುತ್ತದೆ. ಎಣ್ಣೆಗೆ ನಾನು ಬೆರೆಸುವುದು ಇನ್ನೊಂದಿದೆ, ಅದು ನನ್ನ ಹೊಟ್ಟೆಪಾಡು, ಕೇಳಬೇಡಿ.

ನಡುವೆ ಚನ್ನಪಟ್ಟಣದವರ ಹಾಗೆ ಒಣ ತಾಳೆಗರಿಯಲ್ಲಿ ಉಜ್ಜಿ ನೋಡಿದೆ. ಚಪ್ಪಟೆ ಹಲಗೆಗೆ ಏನೂ ಆಗಲಿಲ್ಲ. ಅದು ಲೇತ್ ಮೇಲೆ ತಿರುಗುವ ಮರದ ಬಿಸಿಗೆ ಮಾತ್ರ ಒಗ್ಗುವ ಕೆಲಸ. ಇನ್ನೊಂದು ಹುಚ್ಚು, ಹಲಸಿನ ಮಣೆಗೆ ಅಳಲೆಕಾಯಿ ಕಷಾಯ ಬಳಿದು, ವಿನೆಗರ್‌ನಲ್ಲಿ ವಾರ ನೆನೆಸಿದ ತುಕ್ಕು ಮೊಳೆಯ ನೀರು ಹಚ್ಚಿದೆ. ಕಣ್ಣೆದುರೇ ಕಪ್ಪಾಯಿತು! ಆ ಮಣೆ ಈಗ ಮನೆಯಲ್ಲೇ ಇದೆ, ಮಾರಲು ಮನಸ್ಸಿಲ್ಲ. ಬೀಟೆಗೆ ಮಾತ್ರ ಹುಷಾರು, ಸ್ಪಿರಿಟ್ ಅದರ ಬಣ್ಣ ಎಳೆದು ಪಕ್ಕದ ತಿಳಿ ಮರಕ್ಕೆ ಬಳಿಯುತ್ತದೆ.

ಮಂಚಕ್ಕೆ ಒಟ್ಟು ಒಂಬತ್ತು ದಿನ ಉಜ್ಜಿದೆ, ಸಾಮಾನು 1,600ರ ಹತ್ತಿರ. ಹದಿನಾಲ್ಕು ಸಾವಿರ ಕೇಳಿದೆ, ಕೊಟ್ಟರು. ನಷ್ಟ ಕಳೆದರೆ ದೊಡ್ಡದೇನೂ ಉಳಿಯಲಿಲ್ಲ, ಆದರೆ ಗೃಹಪ್ರವೇಶಕ್ಕೆ ಬಂದವರಿಂದ ಎರಡು ಕೆಲಸ ಸಿಕ್ಕಿತು. ಭಾವ ಬಂದು ಹಲಗೆಯನ್ನು ಅಡ್ಡಡ್ಡ ನೋಡಿ, ಎಣ್ಣೆಗೆ ಏನು ಹಾಕುತ್ತೀಯ ಅಂತ ಕೇಳಿದರು.

ಮೊನ್ನೆ ಯಜಮಾನರ ಫೋನ್. ಯಾರೋ ಬಿಸಿ ಕಾಫಿ ಲೋಟ ಇಟ್ಟು ಬಿಳಿ ಉಂಗುರ ಬಿದ್ದಿದೆಯಂತೆ. ಮೆಲಮೈನ್‌ಗೆ ಅಷ್ಟು ಬೇಗ ಉಂಗುರ ಬೀಳಲ್ಲ, ಒಪ್ಪಿಕೊಳ್ಳುತ್ತೇನೆ. ಪಂಚೆ ತುಂಡು, ಸಣ್ಣ ಬಾಟಲಿ ಜೇಬಿಗೆ ಹಾಕಿಕೊಂಡು ಹೋದೆ. ಹತ್ತು ನಿಮಿಷದ ಕೆಲಸ. ಅವರು ನನಗೂ ಕಾಫಿ ಕೊಟ್ಟರು, ನಾನು ಲೋಟ ನೆಲದ ಮೇಲಿಟ್ಟೆ.